ರಿಪೇರಿ ಮಾಡಬಾರದಿದ್ದ ಸೈಕಲ್ಲು

ಗುಬ್ಬಿ ಊರು ಮುಗಿದು ತೆಂಗಿನ ತೋಟಗಳು ಶುರುವಾಗುವ ಕಡೆ ನನ್ನ ಸೈಕಲ್ ಶಾಪು ಇದೆ. ಬೆಳಗಿನ ಜಾವ, ಬೀದಿ ದೀಪ ಇನ್ನೂ ಉರಿಯುತ್ತಿರುವಾಗಲೇ ನಾನು ಷಟರ್ ಎತ್ತುತ್ತೇನೆ. ಹಾಲಿನವರು, ಪೇಪರಿನವರು, ಹಿರೇಹಳ್ಳಿ ಫ್ಯಾಕ್ಟರಿಗೆ ಹೋಗಲು ಬಸ್ಸು ಹಿಡಿಯುವವರು ಗಾಳಿ ಹೊಡೆಸಿಕೊಳ್ಳಲು ಬರುವುದು ಆ ಹೊತ್ತಿಗೇ. ಅವತ್ತು ಷಟರ್ ಅರ್ಧ ಎತ್ತಿ, ಪಂಪನ್ನು ಹೊರಗಿಟ್ಟು, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾ ನಿಂತಿದ್ದೆ. ದೂರದಿಂದ ಬೆಲ್ಲಿನ ಸದ್ದು ಕೇಳಿಸಿತು. ಯಾರೆಂದು ನೋಡಬೇಕಾಗಿರಲಿಲ್ಲ.

ಅವನು ಮರ ಹತ್ತಿ ಕಾಯಿ ಕೀಳುವವನು. ನಲವತ್ತು ದಾಟಿದ್ದ, ಆದರೂ ಸುತ್ತಲಿನ ಹದಿನೈದು ಇಪ್ಪತ್ತು ತೋಟದವರು ಬೇರೆಯವರನ್ನು ಕರೆಯದೆ ಅವನಿಗೇ ಕಾಯುತ್ತಿದ್ದರು. ಕ್ಯಾರಿಯರ್ ಮೇಲೆ ಹಗ್ಗದ ಸುತ್ತು, ಮಚ್ಚು, ಹತ್ತುವಾಗ ಪಾದಕ್ಕೆ ಹಾಕಿಕೊಳ್ಳುವ ಹಗ್ಗದ ಬಳೆ ಕಟ್ಟಿಕೊಂಡು ದಿನಾ ನನ್ನ ಅಂಗಡಿ ಮುಂದೆಯೇ ಹೋಗುತ್ತಿದ್ದ. ಹೋಗುವಾಗ "ಅಣ್ಣಾ" ಎಂದು ಒಂದು ಕೂಗು ಹಾಕದೆ ಹೋದವನಲ್ಲ. ಅವತ್ತು ಆ ಕೂಗು ಬರುವ ಮೊದಲೇ ಹಿಂದಿನಿಂದ ಲಗೇಜ್ ಆಟೋ ಬಂತು. ಕುಣಿಗಲ್ ಕಡೆಯಿಂದ ಬದನೆಕಾಯಿ ಮೂಟೆ ಹೇರಿಕೊಂಡು ಬಂದದ್ದು. ನನ್ನ ಕಣ್ಣೆದುರಿಗೇ ಸೈಕಲ್ಲಿನ ಹಿಂದಿನ ಗಾಲಿಗೆ ಬಡಿಯಿತು. ಅವನು ಎಗರಿ ಮೋರಿಯ ಕಲ್ಲಿನ ಮೇಲೆ ಬಿದ್ದ. ಬಲಗಾಲು ಕೆಳಗೆ ಸಿಕ್ಕಿಕೊಂಡಿತ್ತು.

ಓಡಿದೆ. ಪಾದ ಎತ್ತಲೋ ತಿರುಗಿತ್ತು. ಅವನು ಕೂಗಲಿಲ್ಲ, ಹಲ್ಲು ಕಚ್ಚಿಕೊಂಡು "ಮಚ್ಚೆಲ್ಲಿ ಬಿತ್ತು ನೋಡಣ್ಣ, ಯಾರಾದ್ರೂ ತುಳಿದಾರು" ಎಂದ. ಲಗೇಜ್ ಆಟೋದ ಡ್ರೈವರ್ ಓಡಿಹೋಗಲಿಲ್ಲ. ಅದನ್ನು ಇವತ್ತಿಗೂ ಹೇಳುತ್ತೇನೆ. ಇಪ್ಪತ್ತೈದು ಇಪ್ಪತ್ತಾರರ ಹುಡುಗ, ಇಳಿದು ಬಂದು ನನ್ನ ಕಾಲು ಹಿಡಿದುಕೊಂಡ. "ಯಜಮಾನ್ರೇ, ಕೇಸ್ ಮಾಡ್ಬೇಡಿ. ಲೈಸೆನ್ಸ್ ಹೋದ್ರೆ ಮನೆ ಮುಳುಗೋಯ್ತದೆ. ಆಸ್ಪತ್ರೆ ಖರ್ಚು ಎಷ್ಟಾದ್ರೂ ನಾನ್ ನೋಡ್ಕೋತೀನಿ" ಎಂದು ಅತ್ತ. ಅಷ್ಟು ಹೊತ್ತಿಗೆ ನಾಲ್ಕು ಜನ ಸೇರಿದ್ದರು. ನಮ್ಮ ಕಡೆ ರಸ್ತೆಯಲ್ಲಿ ಏನೇ ಆದರೂ ಅಲ್ಲೇ ಒಬ್ಬ ಹಿರಿಯ ಮುಂದೆ ಬಂದು ರಾಜಿ ಮಾಡಬೇಕು. ಅವತ್ತು ಆ ಹಿರಿತನ ನನ್ನ ಪಾಲಿಗೆ ಬಂತು, ನನಗೂ ಅದು ಬೇಕಿತ್ತೆಂದೇ ಕಾಣುತ್ತದೆ. "ಆಗಿದ್ದಾಯ್ತು. ಆ ಹುಡುಗನ ಬಾಳು ಹಾಳು ಮಾಡಿ ನಮಗೇನ್ ಬರ್ತೈತೆ? ಖರ್ಚು ಕೊಡ್ತೀನಿ ಅಂತಾವ್ನೆ" ಎಂದೆ. ಬಿದ್ದವನೂ ತಲೆ ಅಲ್ಲಾಡಿಸಿದ. ನೋವಿನಲ್ಲಿದ್ದವನು ಏನು ಹೇಳಿದ್ದರೂ ತಲೆ ಅಲ್ಲಾಡಿಸುತ್ತಿದ್ದ.

ಡ್ರೈವರನ ಫೋನ್ ನಂಬರು, ಗಾಡಿಯ ನಂಬರು ಎರಡನ್ನೂ ಅಂಗಡಿಯ ಗೋಡೆ ಮೇಲೆ ಬರೆದುಕೊಂಡೆ. ಅದೇ ಲಗೇಜ್ ಆಟೋದಲ್ಲಿ ಬದನೆಕಾಯಿ ಮೂಟೆ ಸರಿಸಿ ಅವನನ್ನು ಮಲಗಿಸಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ನರ್ಸಮ್ಮ ಚೀಟಿ ಮುಂದಿಟ್ಟುಕೊಂಡು "ಹೇಗಾಯ್ತು?" ಎಂದು ಕೇಳಿದಳು.

"ಸೈಕಲ್ಲಿಂದ ಬಿದ್ದ" ಎಂದೆ.

"ಯಾವುದಾದ್ರೂ ಗಾಡಿ ಗುದ್ದಿತಾ? ತಾನಾಗಿ ಬಿದ್ರಾ?"

"ತಾನಾಗೇ ಬಿದ್ದ."

ಅವಳು ಬರೆದಳು. ಆ ಚೀಟಿಯೇ ನಮ್ಮ ಜೊತೆ ತುಮಕೂರಿನ ದೊಡ್ಡ ಆಸ್ಪತ್ರೆಗೆ ಬಂತು. ಅಲ್ಲಿಯ ಡಾಕ್ಟರು ಅದನ್ನೇ ನೋಡಿ ಕೇಸ್ ಶೀಟಿನಲ್ಲಿ ಬರೆದರು, ಆಪರೇಷನ್ನಿನವರು ಅದನ್ನೇ ನೋಡಿ ಬರೆದರು, ಡಿಸ್ಚಾರ್ಜ್ ಕಾಗದದಲ್ಲೂ ಅದೇ ಬಂತು. ನಾನು ಒಂದು ಸಲ ಹೇಳಿದ ಸುಳ್ಳು ನಾಲ್ಕು ಜನ ವಿದ್ಯಾವಂತರ ಕೈಬರಹದಲ್ಲಿ ನಿಜವಾಯಿತು.

ಅವನು ಆಸ್ಪತ್ರೆಯಲ್ಲಿದ್ದ ಮೂರು ವಾರ ನನ್ನ ಕೈ ಸುಮ್ಮನಿರಲಿಲ್ಲ. ಸೈಕಲ್ಲು ಅಂಗಡಿಯಲ್ಲಿತ್ತು. ಹಿಂದಿನ ರಿಮ್ಮು ಮಡಚಿದ ಹಪ್ಪಳದಂತಾಗಿತ್ತು. ಹನ್ನೊಂದು ಕಡ್ಡಿ ತುಂಡಾಗಿದ್ದವು, ಕ್ಯಾರಿಯರ್ ಬಾಗಿತ್ತು, ಗಾಲಿ ಹಿಡಿಯುವ ಫೋರ್ಕಿನ ಎಡತೋಳು ಒಳಕ್ಕೆ ಜಗ್ಗಿತ್ತು. ಅವನು ಮನೆಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಸೈಕಲ್ಲು ನಿಂತಿರಬೇಕು, ಅದನ್ನು ನೋಡಿ ಅವನಿಗೆ ಕಾಲು ನೆಟ್ಟಗಾಗುವ ಧೈರ್ಯ ಬರಬೇಕು ಎಂದು ನನ್ನ ಆಸೆ. ಫೋರ್ಕಿಗೆ ಪೈಪು ತೂರಿಸಿ ಎಳೆದು ನೇರ ಮಾಡಿದೆ. ಹೊಸ ರಿಮ್ಮು ಹಾಕಿ, ಮೂವತ್ತಾರು ಕಡ್ಡಿಯನ್ನೂ ಹೊಸದಾಗಿ ಕಟ್ಟಿ, ಗಾಲಿ ತಿರುಗಿಸಿ ತಿರುಗಿಸಿ ಬೆಂಡು ತೆಗೆದೆ. ಹೊಸ ಮಡ್‌ಗಾರ್ಡು, ಅದಕ್ಕೆ ಕೆಂಪು ರಿಫ್ಲೆಕ್ಟರು. ಫೋರ್ಕಿಗೆ ಕರಿ ಪೇಂಟು ಹೊಡೆದೆ. ಇಷ್ಟು ವರ್ಷದಲ್ಲಿ ಅಷ್ಟು ಸೊಗಸಾಗಿ ಗಾಲಿ ಕಟ್ಟಿದ್ದು ನನಗೆ ನೆನಪಿಲ್ಲ. ಹಳೆ ರಿಮ್ಮು, ಕಡ್ಡಿ, ಬಾಗಿದ ಕ್ಯಾರಿಯರ್ ಎಲ್ಲವನ್ನೂ ಗುಜರಿಯವನು ಬಂದಾಗ ಅವನ ಗಾಡಿಗೆ ಎಸೆದೆ. ಉಪಕಾರ ಮಾಡಿದೆನೆಂದು ಅವತ್ತು ರಾತ್ರಿ ಎರಡು ತುತ್ತು ಜಾಸ್ತಿ ಉಂಡಿರಬೇಕು.

ಡ್ರೈವರ್ ಮೊದಲ ವಾರ ಎರಡು ಸಲ ಬಂದು ಔಷಧಿ ಕೊಡಿಸಿ ಹೋದ. ಆಮೇಲೆ ಫೋನು ಎತ್ತಲಿಲ್ಲ. ಎರಡನೇ ತಿಂಗಳು ಸ್ವಿಚ್ ಆಫ್. ಆ ಹೊತ್ತಿಗೇ ತುಮಕೂರಿನ ಮೂಳೆ ಡಾಕ್ಟರು ಪಟ್ಟಿ ಬಿಚ್ಚಿ, ಪ್ಲೇಟು ಹಾಕಿದ ಕಾಲನ್ನು ಅತ್ತಿತ್ತ ಆಡಿಸಿ ನೋಡಿ, "ನಡೀಬಹುದು. ಆದ್ರೆ ಪಾದದ ಕೀಲು, ಈ ಹರಡು, ಇನ್ನು ಮಡಚಲ್ಲ" ಎಂದು ಹೇಳಿಬಿಟ್ಟರು. ನಮಗೆ ನಿಮಗೆ ಹರಡು ಮಡಚದಿದ್ದರೆ ಮೆಟ್ಟಿಲು ಹತ್ತುವಾಗ ಸ್ವಲ್ಪ ಕಷ್ಟ. ಮರ ಹತ್ತುವವನಿಗೆ ಎರಡು ಪಾದ ಒಳಮುಖ ಮಾಡಿ ಮರವನ್ನು ಅಪ್ಪಿ ಹಿಡಿಯುವುದೇ ಬದುಕು.

ಮಾರನೆಯ ದಿನ ಅವನ ಹೆಂಡತಿ ಅಂಗಡಿಗೆ ಬಂದಳು. ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು ಗಂಡನ ಆರೈಕೆಗೆಂದು ಕೆಲಸ ಬಿಟ್ಟಿದ್ದಳು. ಇಬ್ಬರು ಹೆಣ್ಣುಮಕ್ಕಳು, ದೊಡ್ಡದು ಪಿಯುಸಿ. ಕೂರು ಎಂದರೆ ಕೂರಲಿಲ್ಲ.

"ಕೇಸ್ ಬ್ಯಾಡ ಅಂದೋರು ನೀವೇ ಅಲ್ವಾ ಅಣ್ಣ? ಈಗ ದಾರಿ ತೋರ್ಸಿ" ಎಂದಳು. ಜಗಳದ ದನಿಯಲ್ಲಿ ಹೇಳಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ, ನನ್ನ ಬಾಯಿ ಅಂಥದ್ದೇ. ಅವಳು ಮೆಲ್ಲಗೆ ಹೇಳಿದಳು. ಅಂಗಡಿ ಮುಚ್ಚಿ, ಗೊತ್ತಿದ್ದವರನ್ನು ವಿಚಾರಿಸಲು ಹೊರಟೆ.

ತುಮಕೂರಿನ ಕೋರ್ಟಿನ ಹತ್ತಿರ ಅಪಘಾತದ ಕೇಸು ನಡೆಸುವ ಒಬ್ಬ ಲೇಡಿ ಲಾಯರ್ ಇದ್ದಾರೆಂದು ಯಾರೋ ಹೇಳಿದರು. ಮೂವರೂ ಹೋದೆವು. ಅವರು ಕಾಗದವನ್ನೆಲ್ಲ ಓದಿ, ಕನ್ನಡಕ ತೆಗೆದು, "ಎಲ್ಲಾ ಕಡೆ ತಾನಾಗಿ ಬಿದ್ದ ಅಂತ ಇದೆಯಲ್ಲ. ಯಾರು ಹೇಳಿದ್ದು?" ಎಂದರು. ನಾನು ಎಂದೆ. ಯಾಕೆ ಎಂದರು. ಡ್ರೈವರನ ಕಥೆ ಹೇಳಿದೆ. ಅವರು, "ಯಜಮಾನ್ರೇ, ಆ ಗಾಡಿಗೆ ಇನ್ಶೂರೆನ್ಸ್ ಇದೆ. ಪರಿಹಾರ ಕೊಡೋದು ಇನ್ಶೂರೆನ್ಸ್ ಕಂಪನಿ. ಡ್ರೈವರ್ ಜೇಬಿಂದ ಕೊಡೋದಲ್ಲ. ಅವನಿಗೆ ಹೆಚ್ಚು ಅಂದ್ರೆ ದಂಡ ಬೀಳ್ತಿತ್ತು. ನೀವು ಉಳಿಸಿದ್ದು ಕಂಪನೀನ" ಎಂದರು.

ಅಷ್ಟು ದಿನವೂ ನಾನು ಪರಿಹಾರವೆಂದರೆ ಆ ಹುಡುಗನ ಹೊಲ ಮಾರಿಸಿ ಕೊಡಿಸುವುದು ಎಂದೇ ತಿಳಿದಿದ್ದೆ. ನನ್ನಂಥವರೇ ನಮ್ಮೂರ ತುಂಬಾ ಇದ್ದಾರೆ. ಅತಿ ಬುದ್ಧಿವಂತರ ಊರು ನಮ್ಮದು. ಲಾಯರಮ್ಮನ ಎದುರು ಕೂತಿದ್ದಾಗ ಪಕ್ಕದಲ್ಲಿದ್ದ ಅವನ ಹೆಂಡತಿಯ ಕಡೆ ತಿರುಗಲಿಲ್ಲ.

ಅರ್ಜಿ ಆರು ತಿಂಗಳೊಳಗೆ ಹಾಕಬೇಕು, ಅದಕ್ಕೆ ಮೊದಲು ಪೊಲೀಸ್ ದೂರು ಬೇಕು ಎಂದರು. ಸ್ಟೇಷನ್ನಿನಲ್ಲಿ ಆಸ್ಪತ್ರೆ ಚೀಟಿ ನೋಡಿ, "ಬಿದ್ದು ಎರಡು ತಿಂಗಳಾದ ಮೇಲೆ ಗಾಡಿ ನೆನಪಾಯ್ತಾ?" ಎಂದು ವಾಪಸ್ ಕಳುಹಿಸಿದರು. ಲಾಯರಮ್ಮ ಜಿಲ್ಲೆಯ ದೊಡ್ಡ ಪೊಲೀಸ್ ಸಾಹೇಬರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ದೂರು ಹಾಕಿದ ಮೇಲೆ ಎಫ್‌ಐಆರ್ ಆಯಿತು. ಗೋಡೆ ಮೇಲಿನ ಗಾಡಿ ನಂಬರು ಅವತ್ತು ಕೆಲಸಕ್ಕೆ ಬಂತು. ಆಮೇಲೆ ಮಹಜರಿಗೆಂದು ಒಬ್ಬ ಹೆಡ್ ಕಾನ್‌ಸ್ಟೇಬಲ್ ಬಂದರು. ರಸ್ತೆ ಅಳೆದರು, ಮೋರಿ ಕಲ್ಲು ನೋಡಿದರು. "ಸೈಕಲ್ ತನ್ನಿ" ಎಂದರು.

ತಂದು ನಿಲ್ಲಿಸಿದೆ. ಅವರು ಸುತ್ತ ಒಂದು ಸಲ ನಡೆದು, ಗಾಲಿಯನ್ನು ಬೆರಳಿನಿಂದ ತಿರುಗಿಸಿದರು. ಅದು ಸದ್ದಿಲ್ಲದೆ ಎಷ್ಟೋ ಹೊತ್ತು ತಿರುಗಿತು. ಒಂದು ಕೂದಲೆಳೆಯಷ್ಟೂ ಅತ್ತಿತ್ತ ಆಡಲಿಲ್ಲ.

"ಏನ್ರೀ ಇದು, ಮದುವೆಗೆ ಕೊಡೋ ಸೈಕಲ್ ಇದ್ದಂಗೈತೆ! ಇದಕ್ಕೆ ಯಾವ ಗಾಡಿ ಗುದ್ದಿತ್ತು?"

"ನಾನು ರಿಪೇರಿ ಮಾಡ್ಬುಟ್ಟೆ ಸಾರ್."

"ಹಳೇ ಗಾಲಿ?"

"ಗುಜರಿಗೆ ಹಾಕ್ದೆ."

ಅವರು ನಕ್ಕರು. ಕೆಟ್ಟವರೇನಲ್ಲ, ನಗು ಬರುವಂಥದ್ದೇ. ಕಂಡದ್ದನ್ನು ಬರೆದುಕೊಂಡರು. ಸೈಕಲ್ಲು ಸುಸ್ಥಿತಿಯಲ್ಲಿದೆ, ಹಿಂದೆ ಕೆಂಪು ರಿಫ್ಲೆಕ್ಟರ್ ಇದೆ ಎಂದು. ನಾನೇ ರುಜು ಹಾಕಿದೆ. ಅವತ್ತೇ ಗುಜರಿಯವನನ್ನು ಹುಡುಕಿಕೊಂಡು ಹೋದೆ. ಆ ಲೋಡು ಎಂದೋ ಕರಗಿಸಲು ಹೋಗಿತ್ತು. ಮಾಡಿದ್ದುಣ್ಣೋ ಮಹಾರಾಯ ಅಂತಾರೆ, ಇಲ್ಲಿ ಮಾಡಿದವನು ನಾನು, ಉಣ್ಣುವವನು ಅವನು.

ಡ್ರೈವರ್ ಒಂದು ಮಾತು ನಿಜ ಹೇಳಿದರೆ ಇದೆಲ್ಲ ಬೇಕಾಗಿಲ್ಲ ಎಂದು ಹೊಳೆದು, ಒಂದು ದಿನ ಅಂಗಡಿ ಮುಚ್ಚಿ ಕುಣಿಗಲ್ ಬಸ್ಸು ಹತ್ತಿದೆ. ಗಾಡಿಯ ಓನರು ಕುಣಿಗಲ್ಲಿನ ತರಕಾರಿ ವ್ಯಾಪಾರಿ, ನನ್ನನ್ನು ನಿಲ್ಲಲೂ ಬಿಡಲಿಲ್ಲ. ಹುಡುಗ ಹುಲಿಯೂರುದುರ್ಗಕ್ಕೆ ಲೋಡು ಇಳಿಸಲು ಹೋಗಿದ್ದಾನೆ ಎಂದು ಪಕ್ಕದ ಅಂಗಡಿಯವರು ಹೇಳಿದರು. ಅಲ್ಲಿಗೂ ಹೋದೆ. ಬೆಟ್ಟದ ಕಡೆ ಮುಖ ಮಾಡಿದ ಒಂದು ಅಂಗಡಿಯ ಮುಂದೆ ಅವನು ಈರುಳ್ಳಿ ಮೂಟೆ ಇಳಿಸುತ್ತಿದ್ದ. ನನ್ನನ್ನು ಕಂಡು ಮೂಟೆ ಹೊತ್ತವನು ಹಾಗೆಯೇ ನಿಂತ.

ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನ ಮುಖ ನೋಡಿ ಮೆತ್ತಗಾದೆ. ಇನ್ಶೂರೆನ್ಸಿನ ವಿಷಯ ಹೇಳಿದೆ, ನಿನಗೇನೂ ಆಗಲ್ಲ ಕಣಪ್ಪ ಎಂದೆ.

"ಓನರ್ ಹೇಳವ್ರೆ, ಗಾಡಿ ಗುದ್ದೇ ಇಲ್ಲ ಅಂತ ಹೇಳು, ಇಲ್ದಿದ್ರೆ ಕೆಲ್ಸ ಬುಡು ಅಂತ. ನಾನೇನ್ ಮಾಡ್ಲಿ?" ಎಂದ. ಸ್ವಲ್ಪ ತಡೆದು, "ಬಿದ್ದ ಅಂತ ಬರ್ಸಿದ್ದು ನೀವೇ ಅಲ್ವಾ ಯಜಮಾನ್ರೇ? ಹಂಗ್ ಬರ್ಸಿ ಅಂತ ನಾನ್ ಹೇಳಿದ್ನಾ?" ಎಂದ.

ಹೇಳಿರಲಿಲ್ಲ. ಕೇಸು ಬೇಡ ಎಂದಿದ್ದ, ಅಷ್ಟೇ. ತಾನಾಗಿ ಬಿದ್ದ ಎನ್ನುವ ಮಾತು ಪೂರ್ತಿ ನನ್ನದು. ಅಲ್ಲೇ ಬಸ್ ಸ್ಟ್ಯಾಂಡಿನಲ್ಲಿ ಒಂದು ಟೀ ಕುಡಿದು ಬರಿಗೈಯಲ್ಲಿ ವಾಪಸ್ ಬಂದೆ.

ಪೊಲೀಸರು ಡ್ರೈವರ್ ಮೇಲೆ ಚಾರ್ಜ್ ಶೀಟ್ ಹಾಕಿದರು. ಲಾಯರಮ್ಮ ಕ್ಲೇಮ್ ಕೋರ್ಟಿನಲ್ಲಿ ಅರ್ಜಿ ಹಾಕಿದರು. ಇನ್ಶೂರೆನ್ಸಿನವರು ಉತ್ತರ ಕೊಟ್ಟರು: ಗಾಯಾಳು ತಾನಾಗಿ ಬಿದ್ದಿದ್ದಾನೆ, ಆಸ್ಪತ್ರೆಯ ದಾಖಲೆಯೇ ಸಾಕ್ಷಿ, ಸೈಕಲ್ಲಿಗೆ ಒಂದು ಗೀರೂ ಇಲ್ಲ, ಇದೆಲ್ಲ ಆಮೇಲೆ ಕಟ್ಟಿದ ಕಥೆ. ಓದಿ ಹೇಳುವಾಗ ಲಾಯರಮ್ಮ ನನ್ನ ಕಡೆ ನೋಡಲಿಲ್ಲ. "ಈಗ ಉಳಿದಿರೋದು ನಿಮ್ಮ ಸಾಕ್ಷಿ ಒಂದೇ. ಆ ಮುರಿದ ಗಾಲಿ ಇದ್ದಿದ್ರೆ ಎಷ್ಟು ಚೆನ್ನಾಗಿರೋದು" ಎಂದರು.

ಆ ಮಾತು ನನ್ನ ತಲೆಯಲ್ಲಿ ಹುಳು ಬಿಟ್ಟಿತು. ಗಾಲಿ ಇಲ್ಲದಿದ್ದರೆ ಏನಾಯಿತು, ಅದು ಹೇಗೆ ಮುರಿದಿತ್ತೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅಂಗಡಿಯ ಮೂಲೆಯಲ್ಲಿ ಅದೇ ಅಳತೆಯ, ಅದೇ ಕಾಲದ ಒಂದು ಹಳೆಯ ಗಾಲಿ ಇತ್ತು. ಒಂದು ಭಾನುವಾರ ಮಧ್ಯಾಹ್ನ ಷಟರ್ ಇಳಿಸಿ ಕೆಲಸಕ್ಕೆ ಕೂತೆ. ಗಾಲಿಯನ್ನು ಕಲ್ಲಿಗೆ ಒರಗಿಸಿ, ಮರದ ತುಂಡಿಟ್ಟು, ಸುತ್ತಿಗೆಯಿಂದ ಎಲ್ಲಿ ಎಷ್ಟು ಬೇಕೋ ಅಷ್ಟೇ ಹೊಡೆದೆ. ಎಡಕ್ಕೆ ಮೊದಲ ಬಾಗು, ಬಲಕ್ಕೆ ಎರಡನೆಯದು. ಕಡ್ಡಿಗಳನ್ನು ಕತ್ತರಿಸಲಿಲ್ಲ, ಕತ್ತರಿಸಿದರೆ ತುದಿ ಚಪ್ಪಟೆಯಾಗಿ ಗೊತ್ತಾಗುತ್ತದೆ. ಒಂದೊಂದನ್ನೂ ಎಳೆದು ಮುರಿದೆ, ಲೆಕ್ಕ ಹಾಕಿ ಹನ್ನೊಂದು. ಮುರಿದ ತುದಿಗಳಿಗೆ ಉಪ್ಪು ನೀರು ಹಚ್ಚಿ ತುಕ್ಕು ಹಿಡಿಯಲು ಬಿಟ್ಟೆ. ನಾಲ್ಕು ದಿನ ಬಿಟ್ಟು ನೋಡಿದರೆ, ಅದೇ ಗಾಲಿ. ಯಾವ ಇನ್‌ಸ್ಪೆಕ್ಟರ್ ಬಂದರೂ ಕಂಡುಹಿಡಿಯಲಾರ.

ಗುಜರಿಯವನ ಹತ್ತಿರ ಉಳಿದಿತ್ತು ಎಂದು ಕೋರ್ಟಿನಲ್ಲಿ ಹೇಳುವುದೆಂದು ತೀರ್ಮಾನಿಸಿ ಗೋಣಿಚೀಲದಲ್ಲಿ ಹಾಕಿ ಕಾಲು ಮುರಿದವನ ಮನೆಗೆ ಒಯ್ದೆ. ಅವನು ಜಗಲಿ ಮೇಲೆ ಕಾಲು ನೀಡಿ ಕೂತಿದ್ದ. ಹೆಂಡತಿ ಒಳಗಿನಿಂದ ಬಂದಳು. ಚೀಲ ಬಿಚ್ಚಿದೆ. ಅವಳ ಮುಖ ಅರಳಿತು. "ಸಿಕ್ತಾ ಅಣ್ಣ?" ಎಂದಳು.

ಅವನು ಗಾಲಿಯನ್ನು ತೊಡೆ ಮೇಲೆ ಇಟ್ಟುಕೊಂಡು, ಬಾಗಿದ ಕಡೆ ಬೆರಳಾಡಿಸಿದ. ಬಹಳ ಹೊತ್ತು ನೋಡಿದ.

"ಇದು ನಂದಲ್ಲ ಕಣಣ್ಣ."

"ಸುಮ್ನಿರಪ್ಪ. ಹಿಂಗೇ ಅಲ್ವಾ ಆಗಿದ್ದು? ಒಂದ್ ಕಡ್ಡಿ ಹೆಚ್ಚಿಲ್ಲ, ಒಂದ್ ಕಡ್ಡಿ ಕಮ್ಮಿ ಇಲ್ಲ. ಆಗಿದ್ದುನ್ನೇ ತೋರುಸ್ತಿದೀವಿ."

"ಆಗಿದ್ದು ನಿಜ ತಾನೆ?"

"ನಿಜ."

"ನಿಜ ಆಗಿರೋದುಕ್ಕೆ ಸುಳ್ಳು ಗಾಲಿ ಯಾಕಣ್ಣ? ಒಂದ್ ಸತಿ ಸುಳ್ ಹೇಳಿ ಇಲ್ಲಿಗ್ ಬಂದಿದೀವಿ."

ಹೆಂಡತಿ ತಡೆಯಲಾರದೆ ಬಾಯಿಬಿಟ್ಟಳು. "ನಿಜ ಇಟ್ಕಂಡು ಒಲೆ ಹಚ್ಚಾಕಾಯ್ತದಾ? ಕಾಲೇಜ್ ಫೀಸು ನಿಜ ಕಟ್ತದಾ? ಎಲ್ರೂ ಅವರವರ ದೊಡ್ಡಸ್ತಿಕೆ ನೋಡ್ಕತೀರಾ, ನನ್ ಗತಿ ಯಾರ್ ನೋಡೋರು?" ನನ್ನ ಕಡೆ ತಿರುಗಿ, "ನೀವಾದ್ರೂ ತಗಂಡೋಗಿ ಕೊಡಿ ಅಣ್ಣ. ಅವರ ಮಾತ್ ಕೇಳ್ಬ್ಯಾಡಿ" ಎಂದಳು.

ನಾನು ಇಬ್ಬರ ನಡುವೆ ನಿಂತಿದ್ದೆ. ಅವಳು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಅವಳ ಮಾತು ಕೇಳಿದರೆ ನನ್ನ ತಪ್ಪೂ ತೊಳೆದು ಹೋಗುತ್ತಿತ್ತು, ಅದೇ ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು. ಆದರೆ ಗಾಲಿ ಅವನದು, ಕಾಲು ಅವನದು, ಬೇಡ ಎನ್ನುತ್ತಿರುವವನು ಅವನು. ಅವನು ಪ್ರಜ್ಞೆಯಿದ್ದು ಹೇಳಿದ ಮಾತನ್ನು ಈ ಸಲವಾದರೂ ಕೇಳಬೇಕು ಅನ್ನಿಸಿತು. ಗಾಲಿಯನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ವಾಪಸ್ ಬಂದೆ. ಅದನ್ನು ಕತ್ತರಿಸಿ ತುಂಡು ಮಾಡಿದೆ. ಅವತ್ತಿನಿಂದ ಅವಳು ನನ್ನೊಂದಿಗೆ ಮಾತು ಬಿಟ್ಟಳು.

ನನ್ನ ಸಾಕ್ಷಿಯ ದಿನ ಬಂತು. ಹಿಂದಿನ ವಾಯಿದೆಯಲ್ಲೇ ಮೂಳೆ ಡಾಕ್ಟರು ಬಂದು ಹೇಳಿಕೆ ಕೊಟ್ಟು ಹೋಗಿದ್ದರು. ಕೋರ್ಟೆಂದರೆ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮಪ್ಪ ಹೇಳುತ್ತಿದ್ದರು. ಆ ಮಾತು ನೆನೆಯುತ್ತಲೇ ಮೆಟ್ಟಿಲು ಹತ್ತಿದೆ. ಲಾಯರಮ್ಮ, "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಕಥೆ ಹೇಳ್ಬೇಡಿ. ಕೋಪ ಮಾಡ್ಕೋಬೇಡಿ" ಎಂದು ಮೂರು ಸಲ ಹೇಳಿದರು. ನನ್ನ ಕೋಪ ಅವರಿಗೂ ಗೊತ್ತಾಗಿಹೋಗಿತ್ತು.

ಕಂಡದ್ದನ್ನೆಲ್ಲ ಮೊದಲೇ ಪ್ರಮಾಣಪತ್ರದಲ್ಲಿ ಬರೆದುಕೊಟ್ಟಿದ್ದೆ. ಕಟಕಟೆಗೆ ಹತ್ತಿದ ಮೇಲೆ ಇನ್ಶೂರೆನ್ಸ್ ಕಡೆಯ ಲಾಯರು ಪಾಟೀಸವಾಲಿಗೆ ಎದ್ದರು. ಬಿಳಿ ಕೂದಲಿನ, ನಿಧಾನ ಮಾತಿನ ಮನುಷ್ಯ.

"ಆಸ್ಪತ್ರೆಯಲ್ಲಿ ತಾನಾಗಿ ಬಿದ್ದ ಅಂತ ಹೇಳಿದ್ದು ನೀವೇ?"

"ನಾನೇ ಸ್ವಾಮಿ."

"ಅಂದ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ರಿ."

"ಹೌದು, ಹೇಳ್ದೆ."

"ಗಾಯಾಳು ನಿಮಗೆ ಬೇಕಾದವನು. ಅವನಿಗೋಸ್ಕರ ಅವತ್ತು ಸುಳ್ಳು ಹೇಳಿದವರು ಇವತ್ತೂ ಹೇಳಬಹುದು, ಅಲ್ವೇ?"

"ಅವತ್ತು ಹೇಳಿದ್ದು ಇವನಿಗೋಸ್ಕರ ಅಲ್ಲ ಸ್ವಾಮಿ. ಗುದ್ದಿದೋನಿಗೋಸ್ಕರ."

ಹಿಂದೆ ಯಾರೋ ನಕ್ಕರು. ಜಡ್ಜು ತಲೆ ಎತ್ತಲಿಲ್ಲ, ಟೈಪ್ ಮಾಡುವವಳಿಗೆ ಮೆಲ್ಲಗೆ ಹೇಳಿ ಬರೆಸುತ್ತಿದ್ದರು. ಲಾಯರು ಗಾಲಿ ಎಲ್ಲಿ ಎಂದರು, ಗುಜರಿಗೆ ಹೋಯಿತು ಎಂದೆ. ಸಾಕ್ಷಿ ನಾಶ ಮಾಡಿದ್ದೀರಿ ಎಂದರು, ಹೌದು, ಗೊತ್ತಿಲ್ಲದೆ ಮಾಡಿದೆ ಎಂದೆ. ಲಾಯರು ಕಾಗದ ಮಡಚಿ ಇನ್ನೇನು ಕೂರಬೇಕು, ಹೋಗುತ್ತಾ ಹೋಗುತ್ತಾ ಎನ್ನುವ ಹಾಗೆ ಕೇಳಿದರು.

"ಆ ಹೊತ್ತಿನಲ್ಲಿ ಪೂರ್ತಿ ಬೆಳಕಾಗಿರಲಿಲ್ಲ ಅಲ್ವೇ?"

"ಮಬ್ಬು ಇತ್ತು."

"ಸೈಕಲ್ ಹಿಂದೆ ರಿಫ್ಲೆಕ್ಟರ್ ಇತ್ತೇ?"

ಈ ಸಂಗತಿಯನ್ನು ನಾನು ಈವರೆಗೆ ಇಲ್ಲಿ ಹೇಳಿಲ್ಲ. ಲಾಯರಮ್ಮನಿಗೂ ಹೇಳಿರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಅಪಘಾತಕ್ಕೆ ಒಂದೂವರೆ ತಿಂಗಳ ಹಿಂದೆ ಅವನು ಅಂಗಡಿಗೆ ಬಂದು, ತೋಟದ ಕೆಸರು ಮಡ್‌ಗಾರ್ಡಿನಲ್ಲಿ ಸಿಕ್ಕಿಕೊಂಡು ಗಾಲಿ ತಿರುಗುವುದಿಲ್ಲ, ಬಿಚ್ಚಿಬಿಡಣ್ಣ ಎಂದಿದ್ದ. ಬಿಚ್ಚಿದೆ. ರಿಫ್ಲೆಕ್ಟರು ಇದ್ದದ್ದು ಆ ಮಡ್‌ಗಾರ್ಡಿನ ಮೇಲೆಯೇ. ಕ್ಯಾರಿಯರಿಗೆ ಬೇರೆ ಒಂದು ಹಾಕಿಕೊಡ್ತೀನಿ, ನಾಳೆ ಬಾ ಎಂದೆ. ಅವನು ಮಾರನೆಯ ದಿನ ಬಂದಾಗ ಕೈತುಂಬಾ ಕೆಲಸವಿತ್ತು, ಇನ್ನೊಂದು ದಿನ ನೋಡೋಣ ಎಂದು ಕಳುಹಿಸಿದೆ.

ಉತ್ತರ ಸುಲಭವಾಗಿತ್ತು. ಇತ್ತು ಎಂದರೆ ಮುಗಿಯಿತು. ಪೊಲೀಸರ ಮಹಜರಿನಲ್ಲೇ ಕೆಂಪು ರಿಫ್ಲೆಕ್ಟರ್ ಇದೆ ಎಂದು ಬರೆದಿತ್ತು, ಆ ಕಾಗದ ಜಡ್ಜಿನ ಮುಂದೆಯೇ ಇತ್ತು. ಕೇಳಿದ ಲಾಯರಿಗೂ ಅದು ಗೊತ್ತಿತ್ತು, ಸುಮ್ಮನೆ ಒಂದು ಕಲ್ಲು ಎಸೆದಿದ್ದರು. ಲಾಯರಮ್ಮ ನಿಶ್ಚಿಂತೆಯಿಂದ ಪೆನ್ನಿನ ಕ್ಯಾಪು ಹಾಕುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಗಂಡ ಹೆಂಡತಿ ಕೂತಿದ್ದರು. ಇರಲಿಲ್ಲ ಎನ್ನುವ ಒಂದು ಮಾತಿಗೆ ಅವರ ಪರಿಹಾರದಿಂದ ಎಷ್ಟು ಹೋಗುತ್ತದೋ ನನಗೆ ಗೊತ್ತಿರಲಿಲ್ಲ, ಹೋಗುತ್ತದೆ ಎಂದು ಮಾತ್ರ ಗೊತ್ತಿತ್ತು. ಅವಳ ಕಣ್ಣು ನನ್ನ ಮೇಲೇ ಇತ್ತು. ಅವನನ್ನು ನೋಡಿದೆ. ಅವನಿಗೆ ನೆನಪಿತ್ತು. ಅವನು ತಲೆ ಅಲ್ಲಾಡಿಸಲೂ ಇಲ್ಲ, ಬೇಡ ಎನ್ನಲೂ ಇಲ್ಲ.

"ಇರ್ಲಿಲ್ಲ ಸ್ವಾಮಿ" ಎಂದೆ.

ಲಾಯರಮ್ಮನ ಕೈ ನಿಂತಿತು. ಇನ್ಶೂರೆನ್ಸಿನ ಲಾಯರು ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದರು.

"ಮಹಜರಿನಲ್ಲಿ ಇದೆ ಅಂತ ಇದೆಯಲ್ಲ?"

"ಅದು ಆಮೇಲೆ ನಾನು ಹಾಕಿದ್ದು. ಗುದ್ದಿದ ದಿವಸ ಇರ್ಲಿಲ್ಲ. ಅದನ್ನ ಬಿಚ್ಚಿದ್ದೂ ನಾನೇ. ಬೇರೆ ಹಾಕ್ಕೊಡ್ತೀನಿ ಅಂತ ಹೇಳಿ ಹಾಕ್ಕೊಡ್ಲಿಲ್ಲ. ಅವನ ತಪ್ಪಿಲ್ಲ."

ಆಗ ಜಡ್ಜು ತಲೆ ಎತ್ತಿ ನನ್ನನ್ನು ನೋಡಿದರು. ಇನ್ನೊಮ್ಮೆ ಹೇಳಿ ಎಂದರು. ಹೇಳಿದೆ. ಬರೆಸಿಕೊಂಡರು. ಇಳಿದು ಬರುವಾಗ ಬೆಂಚಿನಲ್ಲಿ ಅವನೊಬ್ಬನೇ ಇದ್ದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಹೋಗಿದ್ದಳು. ಲಾಯರಮ್ಮ ವರಾಂಡದಲ್ಲಿ "ನನಗಾದ್ರೂ ಮೊದಲೇ ಹೇಳಬಾರದಿತ್ತಾ?" ಎಂದಷ್ಟೇ ಕೇಳಿ ಮುಂದಿನ ಕೇಸಿಗೆ ಹೋದರು. ಅವತ್ತು ಗುಬ್ಬಿಗೆ ನಾನೊಬ್ಬನೇ ಬೇರೆ ಬಸ್ಸಿನಲ್ಲಿ ಬಂದೆ. ಒಬ್ಬ ಮನುಷ್ಯನನ್ನು ಒಂದೇ ಕೇಸಿನಲ್ಲಿ ಮೂರು ಸಲ ಕೆಡಿಸಿದ್ದೇನೆ ಎನ್ನುವ ಲೆಕ್ಕ ತಲೆಯಿಂದ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಒಮ್ಮೆ, ಅಂಗಡಿಯಲ್ಲಿ ಒಮ್ಮೆ, ಈಗ ಕಟಕಟೆಯಲ್ಲಿ.

ತೀರ್ಪಿಗೆ ಮತ್ತೆ ಐದು ತಿಂಗಳು ಹಿಡಿಯಿತು. ಬರಬೇಡ ಎಂದು ಯಾರೂ ಹೇಳಿರಲಿಲ್ಲವಾದ್ದರಿಂದ ಹೋದೆ, ದೂರದ ಕಂಬಕ್ಕೆ ಒರಗಿ ನಿಂತೆ. ಲಾಯರಮ್ಮ ಇಂಗ್ಲಿಷಿನ ಕಾಗದ ಹಿಡಿದುಕೊಂಡು ಹೊರಗೆ ಬಂದು ನನ್ನನ್ನೂ ಕೈಮಾಡಿ ಕರೆದರು.

"ಅಪಘಾತ ಆಗಿದ್ದು ನಿಜ, ಗುದ್ದಿದ್ದು ಆ ಗಾಡೀನೇ ಅಂತ ಒಪ್ಪಿದಾರೆ. ಡಾಕ್ಟರ್ ಹೇಳಿದ ಅಂಗವೈಕಲ್ಯದ ಪರ್ಸೆಂಟಿಗಿಂತ ಜಾಸ್ತಿ ಹಿಡಿದಿದಾರೆ, ಮರ ಹತ್ತೋನಿಗೆ ಹರಡು ಹೋದ್ರೆ ಕಸುಬೇ ಹೋಯ್ತು ಅಂತ. ರಿಫ್ಲೆಕ್ಟರ್ ಇಲ್ಲದ್ದಕ್ಕೆ ಪರಿಹಾರದ ಹತ್ತರಲ್ಲಿ ಒಂದು ಪಾಲು ಕಡಿದಿದಾರೆ."

ನಾನು ನೆಲ ನೋಡಿದೆ. ಅವರು ಹಾಳೆ ಮಗುಚಿ ಒಂದು ಕಡೆ ಬೆರಳಿಟ್ಟರು. "ಇದನ್ನೂ ಕೇಳಿ. ಈ ಸಾಕ್ಷಿ ಆಸ್ಪತ್ರೆಯಲ್ಲಿ ಸುಳ್ಳು ಹೇಳಿದ್ದು ಹೌದು. ಆದ್ರೆ ದಾಖಲೆ ತನ್ನ ಕಡೆಗೇ ಇದ್ದಾಗಲೂ, ತನ್ನವನಿಗೆ ನಷ್ಟ ಆಗೋ ಮಾತನ್ನ ಕೇಳಿದ ಕೂಡಲೇ ಒಪ್ಪಿಕೊಂಡಿದಾನೆ. ಅಂಥವನು ಗಾಡಿ ಗುದ್ದಿದ್ದನ್ನ ನೋಡಿದೆ ಅಂದ್ರೆ ನಂಬದೇ ಇರೋಕೆ ಕಾರಣ ಇಲ್ಲ. ಹೀಗೆ ಬರೆದಿದಾರೆ. ಅದಿಲ್ಲದಿದ್ರೆ ಆ ಆಸ್ಪತ್ರೆ ಚೀಟಿ ದಾಟೋಕೆ ನಮಗೆ ಬೇರೆ ದಾರಿ ಇರಲಿಲ್ಲ."

ಇನ್ನೊಂದು ಸಲ ಓದಿ ಎಂದೆ. ಓದಿದರು. ಕಂಬದ ಆಚೆ ಹೋಗಿ ಮುಖ ಒರೆಸಿಕೊಂಡೆ. ಈಚೆ ಬಂದಾಗ ಅವಳು ನಿಂತಿದ್ದಳು. ಏಳೆಂಟು ತಿಂಗಳ ಮೇಲೆ ಮೊದಲ ಸಲ ಬಾಯಿ ಬಿಟ್ಟಳು. "ಅಣ್ಣ, ಬೆಳಗ್ಗೆಯಿಂದ ಏನಾದ್ರೂ ತಿಂದ್ರಾ?" ಎಂದಳು. ಮೂವರೂ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಹತ್ತರಲ್ಲಿ ಒಂದು ಪಾಲಿನ ಮಾತು ಯಾರೂ ಎತ್ತಲಿಲ್ಲ.

ವಾಪಸ್ ಬರುವಾಗ ಒಂದೇ ಬಸ್ಸು, ಹಿಂದೆ ಮುಂದಿನ ಸೀಟು. ಮಡಚಲಾಗದ ಪಾದವನ್ನು ಅವನು ನಡುದಾರಿಗೆ ಚಾಚಿಕೊಂಡು ಕೂತಿದ್ದ, ಹತ್ತುವವರು ದಾಟಿಕೊಂಡು ಹೋಗುತ್ತಿದ್ದರು. ನನ್ನ ಮನಸ್ಸು ಹಗುರಾಗಿತ್ತು. ಅಂತೂ ಒಂದು ಗಂಟು ಬಿಚ್ಚಿತು, ದೊಡ್ಡವಳ ಕಾಲೇಜಿಗೆ ಆಯಿತು, ಒಂದು ಚಿಕ್ಕ ಅಂಗಡಿ ಹಾಕಿಕೊಡಬಹುದು ಎಂದು ಏನೇನೋ ಹೇಳುತ್ತಿದ್ದೆ. ತುಮಕೂರು ದಾಟಿ ತೋಟಗಳು ಶುರುವಾದವು. ಅವನು ನನ್ನ ಮಾತು ಕೇಳುತ್ತಿರಲಿಲ್ಲ. ಕತ್ತು ಬಗ್ಗಿಸಿ, ಹೆಂಡತಿಯ ಆಚೆಯಿಂದ, ಕಿಟಕಿಯಲ್ಲಿ ಮೇಲಕ್ಕೆ ನೋಡುತ್ತಿದ್ದ.

"ಆ ಮೂಲೆ ಮರದಾಗೆ ಕಾಯಿ ಬಲ್ತ್ ಹೋಗೈತೆ ಕಣಣ್ಣ. ಒಣಗಿದ್ ಗರಿ ಹಂಗೇ ನೇತಾಡ್ತೈತೆ. ಯಾರೂ ಹತ್ತಿಲ್ಲ."

"ಯಾರ್ನಾದ್ರೂ ಹತ್ತುಸ್ತಾರೆ ಬುಡು" ಎಂದಳು ಹೆಂಡತಿ.

"ಹೂಂ, ಹತ್ತುಸ್ತಾರೆ" ಎಂದ. ಆ ತೋಟ ಹಿಂದೆ ಹೋಯಿತು, ಇನ್ನೊಂದು ಬಂತು, ಅದನ್ನೂ ನೋಡಿದ. ಗುಬ್ಬಿ ಬರುವ ತನಕ ಒಂದು ಮರವನ್ನೂ ಬಿಡಲಿಲ್ಲ.